ಸಿಐಡಿ 999 ಮತ್ತು ಎಮ್ಮೆ ಹಾಡು

ಜಿ.ಕೆ. ವೆಂಕಟೇಶ್ ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972). ಆ್ಯಪ್‌ಗಳಲ್ಲಿ ಸಿಗೋ ‘ಹಿಟ್ಸ್’ ಸಂಕಲನಗಳೂ ಹೆಚ್ಚಾಗಿ ಇದೇ ದಾರಿ ಹಿಡಿಯುತ್ತವೆ: ಕಣ್ಣೀರು, ನೀತಿ, ಭಕ್ತಿ. ನನ್ನ ತಕರಾರು ಇಲ್ಲೇ ಇರೋದು. ಅಲ್ಲಿರೋದು ಅರ್ಧ ಜಿಕೆವಿ ಮಾತ್ರ.

ಇನ್ನರ್ಧ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ (ಎರಡೂ 1968) ಚಿತ್ರಗಳಲ್ಲಿ ಸಿಗುತ್ತೆ. ಬಾಂಡ್ ಮಾದರಿಯ ಕಥೆ, ಕ್ಲಬ್ಬು, ಕುಣಿತ. ಇದನ್ನೆಲ್ಲ ‘ಟೈಂಪಾಸ್’ ಅಂತ ಪಕ್ಕಕ್ಕಿಡೋದು ಸುಲಭ. ಆದ್ರೆ 1924ರಲ್ಲಿ ನ್ಯೂಯಾರ್ಕಿನ ಪಾಲ್ ವೈಟ್‌ಮನ್ ತನ್ನ ಡ್ಯಾನ್ಸ್ ಬ್ಯಾಂಡನ್ನ ಕಛೇರಿ ವೇದಿಕೆಗೆ ತಂದು ಗರ್ಶ್ವಿನ್‌ನ ‘ರ‍್ಯಾಪ್ಸೊಡಿ ಇನ್ ಬ್ಲೂ’ ನುಡಿಸಿದಾಗ ಎದ್ದ ಪ್ರಶ್ನೆಯೇ ಇಲ್ಲೂ ಏಳುತ್ತೆ: ಕುಣಿಯೋ ಸಂಗೀತವನ್ನ ಕೂತು ಕೇಳಬಹುದಾ?

ಕೇಳಬಹುದು. ‘ಸಂಧ್ಯಾರಾಗ’ಕ್ಕೆ (1966) ಭೀಮಸೇನ ಜೋಶಿಯವರನ್ನ, ‘ಸನಾದಿ ಅಪ್ಪಣ್ಣ’ಕ್ಕೆ (1977) ಬಿಸ್ಮಿಲ್ಲಾ ಖಾನರ ಶಹನಾಯಿಯನ್ನ ತಂದವರೂ ಇವರೇ. ಎರಡು ಅಡುಗೆಮನೆ ಅಲ್ಲ, ಒಂದೇ ಒಲೆ. ಇಳಯರಾಜಾ ಸಹಾಯಕರಾಗಿ ಪಳಗಿದ್ದೂ ಇದೇ ಒಲೆಯ ಮುಂದೆ.

‘ಸಂಪತ್ತಿಗೆ ಸವಾಲ್’ (1974) ಚಿತ್ರದ ಎಮ್ಮೆ ಹಾಡು ಕೇಳಿ. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಿಂದ ಬಂದವರು. ನಾಟಕದ ಟೆಂಟಿನ ಕೊನೇ ಸಾಲಿಗೂ ಮುಟ್ಟಬೇಕಾದ ಗಂಟಲು ಅದು. ಅಡಿಯಲ್ಲಿ ತಾಳ ಓಡ್ತಾ ಇರುತ್ತೆ, ಮೇಲೆ ದನಿ ಆರಾಮಾಗಿ ಸವಾರಿ ಮಾಡುತ್ತೆ. ಅದೇ ಗಂಟಲು ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ (1978) ಇಂಗ್ಲಿಷ್ ಹಾಡು ಹೇಳುತ್ತೆ. ಈ ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟರೆ ಸಾಕು, ‘ಹಳ್ಳಿ ಸಂಗೀತ’, ‘ಫಾರಿನ್ ಸಂಗೀತ’ ಅನ್ನೋ ನಮ್ಮ ಫೋಲ್ಡರ್‌ಗಳು ಕುಸಿದುಬೀಳುತ್ತವೆ.

ಇನ್ನೊಂದು ಕೊರತೆ ದೊಡ್ಡದು. ಹಾಡಿದವರ ಹೆಸರಿದೆ, ಬರೆದವರದ್ದೂ ಒಮ್ಮೊಮ್ಮೆ ಇರುತ್ತೆ. ಟ್ರಂಪೆಟ್ ಊದಿದವರು? ಗಿಟಾರು ಹಿಡಿದವರು? ಕುಣಿಗಲ್, ಗುಬ್ಬಿ ಕಡೆಯ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಈಗ ಒಂದೇ ಕೀಬೋರ್ಡು ಟ್ರಂಪೆಟ್ಟೂ ಆಗುತ್ತೆ, ಪಿಟೀಲೂ ಆಗುತ್ತೆ. ಖರ್ಚು ಉಳಿಯುತ್ತೆ, ನಿಜ. ಆದ್ರೆ ಅದು ಮುಂದಿನ ಸ್ವರಕ್ಕೆ ಮುಂಚೆ ಉಸಿರು ಎಳೆದುಕೊಳ್ಳಲ್ಲ.

ಡೇಟಾಬೇಸಿಗೆ ‘ವಾದ್ಯಗಾರರು’ ಅಂತ ಒಂದು ಕಾಲಂ ಸೇರಿಸೋದು ಅರ್ಧ ಗಂಟೆ ಕೆಲಸ. ಅದನ್ನ ತುಂಬೋದು ಹಾಗಲ್ಲ. ಹಳೇ ಸ್ಟುಡಿಯೋದವರನ್ನ ಹುಡುಕಿ, ಎದುರು ಕೂತು ಕೇಳಬೇಕು. ಮುಂದಿನ ಸಂಕಲನ ಮಾಡೋರು ಆ ಕೆಲಸದಿಂದ ಶುರು ಮಾಡಲಿ. ಹೇಳಬಲ್ಲವರು ಇನ್ನು ಬಹಳ ಜನ ಉಳಿದಿಲ್ಲ.