ಕಿಟ್ಟಿಯ ಕಣ್ಣಲ್ಲಿ ‘ಕಾಡು’

ಗಿರೀಶ ಕಾರ್ನಾಡರು ಅಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಅವರ ನಾಟಕ ‘ತುಘಲಕ್’. ಆ ನಾಟಕ ಬಲ್ಲವರಲ್ಲೂ ಅವರೇ ನಿರ್ದೇಶಿಸಿದ ‘ಕಾಡು’ (1973) ನೋಡಿದವರು ಕಡಿಮೆ. ಆಲನಹಳ್ಳಿ ಶ್ರೀಕೃಷ್ಣರ ಕಾದಂಬರಿ ಆಧರಿಸಿದ ಈ ಚಿತ್ರವನ್ನು ದಯವಿಟ್ಟು ಹುಡುಕಿ ನೋಡಿ.

ಗಂಡ ಚಂದ್ರೇಗೌಡನಿಗೆ ಇನ್ನೊಬ್ಬಳ ನಂಟು; ಹೆಂಡತಿ ಕಮಲಿ ಒಳಗೊಳಗೇ ಬೇಯುತ್ತಾಳೆ. ಹಳ್ಳಿಹಳ್ಳಿಗಳ ನಡುವೆ ಹಗೆ. ಇದೆಲ್ಲ ನಮಗೆ ಕಾಣುವುದು ಪುಟ್ಟ ಕಿಟ್ಟಿಯ ಕಣ್ಣಿನಿಂದ. ದೊಡ್ಡವರ ಕ್ರೌರ್ಯ ಅವನಿಗೆ ಅರ್ಥವಾಗದು, ಆದರೆ ಹೆಸರು ಹಿಡಿದು ಕೂಗುವ ಕಾಡುಹಕ್ಕಿಯನ್ನು ಅವನು ಪೂರ್ತಿ ನಂಬುತ್ತಾನೆ. ಗೋವಿಂದ ನಿಹಲಾನಿಯವರ ಛಾಯಾಗ್ರಹಣ ಆ ಹಕ್ಕಿಯ ಭಯವನ್ನು ಮರಗಳ ನಡುವೆಯೇ ಹಿಡಿದಿದೆ. ಕಮಲಿಯಾಗಿ ನಂದಿನಿ ಭಕ್ತವತ್ಸಲ, ಕಿಟ್ಟಿಯಾಗಿ ಮಾಸ್ಟರ್ ನಟರಾಜ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಅಮರೀಶ್ ಪುರಿಯವರನ್ನು ಹಿಂದಿಯ ಖಳನಾಗಿ ಮಾತ್ರ ಕಂಡವರು ಈ ಚಂದ್ರೇಗೌಡನನ್ನು ನೋಡಲೇಬೇಕು.