ಸಾವನದುರ್ಗದ ಚಿತ್ರ

ಸಂಜೆ ನಮ್ಮ ಬೀರೂರಿನ ಮಾಳಿಗೆಯಿಂದ ದೂರದ ಬಾಬಾಬುಡನ್‌ಗಿರಿಯ ಸಾಲು ನೋಡುವಾಗಲೆಲ್ಲ ನನಗೆ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಕಲಾವಿದ ಬರೆದ ಮಾಗಡಿ ಸೀಮೆಯ ಸಾವನದುರ್ಗ ನೆನಪಾಗುತ್ತದೆ. ಅವನ ಮೈಸೂರು ರಾಜ್ಯದ ದೃಶ್ಯಗಳು ತಾಮ್ರದ ತಗಡಿನಲ್ಲಿ ಕೆತ್ತನೆಗೊಂಡು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು.

ಇಂಥ ಕೆತ್ತನೆಯಲ್ಲಿ ಕೊರೆದ ಗೆರೆಗೆ ಮಸಿ ತುಂಬಿ ಕಾಗದಕ್ಕೆ ಒತ್ತುತ್ತಾರೆ. ಹತ್ತಿರದ ಮರಕ್ಕೆ ಒತ್ತಾದ ಗೆರೆ, ದೂರದ ಬೆಟ್ಟಕ್ಕೆ ಕೂದಲೆಳೆಯಂಥದು. ಬೆಳಕೆಂದರೆ ಕೊರೆಯದೆ ಬಿಟ್ಟ ಜಾಗ. ರಂಗೋಲಿ ಇಡುವ ನಮಗೆ ಇದು ಬೇಗ ತಿಳಿಯುತ್ತದೆ. ನಾವು ಬಿಳಿ ಎಳೆ ಎಳೆದು ನೆಲವನ್ನು ಹಾಗೇ ಬಿಡುತ್ತೇವೆ. ಅವರು ಕಪ್ಪು ಎಳೆದು ಬಿಳಿಯನ್ನು ಬಿಡುತ್ತಾರೆ. ಬಂಡೆಯ ಗಾಂಭೀರ್ಯ, ಅದರೆದುರು ನಮ್ಮೊಳಗೆ ಏಳುವ ಒಂಟಿತನ ಎರಡೂ ಆ ಬಿಟ್ಟ ಜಾಗದಿಂದಲೇ ಬರುತ್ತವೆ.

ಹೋಮ್ ಬಂದದ್ದು ಕಾರ್ನ್‌ವಾಲಿಸನ ಸೈನ್ಯದ ಜೊತೆ. ಟಿಪ್ಪುವಿನ ಈ ಕೋಟೆಯನ್ನು ಆ ಸೈನ್ಯ 1791ರ ಡಿಸೆಂಬರಿನಲ್ಲಿ ಫಿರಂಗಿ ಹಾರಿಸಿ ಹಿಡಿಯಿತು. ಚಿತ್ರದ ಮುಂದೆ ಕೂತಾಗ ನನಗೆ ಬೆಟ್ಟವಷ್ಟೇ ಕಾಣುತ್ತದೆ, ಸತ್ತವರು ನೆನಪಾಗುವುದಿಲ್ಲ. ಹಾಗೆಂದು ಆ ಚೆಲುವನ್ನು ಸುಳ್ಳೆನ್ನಲಾರೆ. ಮನಸೋತು ನೋಡೋಣ, ನೋಡಿದ ಮೇಲೆ, ಯಾರ ಬಿಡಾರದಿಂದ ಈ ಬೆಟ್ಟ ಇಷ್ಟು ಚೆಂದ ಕಂಡಿತು ಎಂದೂ ಕೇಳಿಕೊಳ್ಳೋಣ.