ಸೋತವನ ಹೆಸರೂ ಬೇಕು

ಧಾರವಾಡ ಸೀಮೆಯ ಯಾವುದೇ ಹಳೆಯ ಗರಡಿಮನೆಗೆ ಹೋಗಿ, ಹನುಮಪ್ಪನ ಪಟದ ಪಕ್ಕದಲ್ಲಿ ಪೈಲ್ವಾನರ ಫೋಟೋಗಳು ಕಾಣುತ್ತವೆ. ತಲೆಗೆ ರುಮಾಲು, ಹೆಗಲ ಮೇಲೆ ಬೆಳ್ಳಿ ಗದೆ. ಹೆಸರು ಕೇಳಿದರೆ ಹೇಳುವವರು ಇನ್ನೂ ಇದ್ದಾರೆ. ಆ ಗದೆ ಯಾವ ಜಾತ್ರೆಯದು, ಯಾವ ಇಸವಿ, ಯಾರನ್ನು ಚಿತ್ ಮಾಡಿ ಗೆದ್ದದ್ದು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ. ಕುಸ್ತಿಯ ಚರಿತ್ರೆಯನ್ನು ನಾವು ಕಾಪಾಡಿಕೊಂಡು ಬಂದ ರೀತಿಯೇ ಇಂಥದ್ದು. ಗೆದ್ದವನ ಕೀರ್ತಿ ಉಳಿದಿದೆ, ಅವನು ಆಡಿದ ಕುಸ್ತಿ ಉಳಿದಿಲ್ಲ.

ಇದೇ ಊರುಗಳಲ್ಲಿ ಸಂಗೀತಕ್ಕೆ ಹೀಗಾಗಲಿಲ್ಲ. ಕುಸ್ತಿಯೂ ಹಿಂದೂಸ್ತಾನಿ ಗಾಯನವೂ ಗುರುಮನೆಯಲ್ಲಿ ಬೆಳೆದ ವಿದ್ಯೆಗಳು, ಕೊಲ್ಲಾಪುರ, ಸಾಂಗಲಿ, ಮೀರಜಗಳಂಥ ಸಂಸ್ಥಾನಗಳ ಆಶ್ರಯ ಕಂಡವು. ಮಲ್ಲಿಕಾರ್ಜುನ ಮನಸೂರರ ದನಿ ಗ್ರಾಮಫೋನ್ ತಟ್ಟೆಯಲ್ಲಿದೆ, 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಇಲ್ಲಿಯ ಗಾಯಕರಿಗೆ ಮನೆಯಂತಾಯಿತು. ಮನಸೂರರೂ ಗಂಗೂಬಾಯಿ ಹಾನಗಲ್ಲರೂ ಆತ್ಮಕಥೆ ಕೊಟ್ಟುಹೋದರು, ಅವರು ಬಾಳಿದ ಮನೆಗಳು ವಸ್ತುಸಂಗ್ರಹಾಲಯಗಳಾದವು. ಇದು ಹೆಮ್ಮೆಯ ಸಂಗತಿ. ಆದರೆ ಅದೇ ಕಾಲದಲ್ಲಿ ಸಾವಿರಾರು ಜನರನ್ನು ಕಣದ ಸುತ್ತ ಕೂರಿಸಿದ ವಸ್ತಾದರಿಗೆ ಒಂದು ನೆಟ್ಟಗಿನ ದಾಖಲೆಯೂ ಇಲ್ಲದಿರುವುದು ನನ್ನನ್ನು ನೋಯಿಸುತ್ತದೆ.

ಬರೆದೇ ಇಲ್ಲವೆಂದಲ್ಲ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಪತ್ರಿಕೆಗಳ ಜಾತ್ರೆ ಪುರವಣಿ ಎಲ್ಲ ಇವೆ. ಇವುಗಳ ಜಾಡು ಬಹುತೇಕ ಒಂದೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಬರುತ್ತದೆ ಎಂಬಲ್ಲಿಂದ ಹೊರಡುತ್ತವೆ, ಎಂಟು ಶತಮಾನ ಹಾರಿ ಶಾಹೂ ಮಹಾರಾಜರ ಖಾಸಬಾಗ ಮೈದಾನದಲ್ಲಿ ಇಳಿಯುತ್ತವೆ, ಆಮೇಲೆ ಊರಿನ ಪೈಲ್ವಾನನ ಖುರಾಕಿನ ವರ್ಣನೆ. ಎಷ್ಟು ಸೇರು ಹಾಲು, ಎಷ್ಟು ಬದಾಮಿ, ಎಷ್ಟು ಬಸ್ಕಿ. ಮಲ್ಲವಿನೋದವನ್ನು ಹೆಸರಿಸುವವರು ಅದರ ಶಿಸ್ತನ್ನು ಗಮನಿಸುವುದಿಲ್ಲ. ಅಲ್ಲಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿದೆ, ಆಹಾರವನ್ನೂ ಸಾಮನ್ನೂ ಬೇರೆಬೇರೆಯಾಗಿ ಹೇಳಿದೆ. ಹನ್ನೆರಡನೆಯ ಶತಮಾನದ ಆ ಗ್ರಂಥದಲ್ಲಿರುವ ಅಚ್ಚುಕಟ್ಟುತನ ನಮ್ಮ ಸ್ಮರಣ ಸಂಚಿಕೆಗಳಲ್ಲಿಲ್ಲ.

ಬಾಕ್ಸಿಂಗ್ ಚರಿತ್ರೆಯನ್ನು ಕೂಡಿಸಿದವರ ಕೆಲಸ ಇಲ್ಲಿ ನೆನಪಾಗುತ್ತದೆ. ಅಮೆರಿಕದ ನ್ಯಾಟ್ ಫ್ಲೈಶರ್ 1922ರಲ್ಲಿ ‘ದಿ ರಿಂಗ್’ ಪತ್ರಿಕೆ ಆರಂಭಿಸಿದ, ಮುಂದೆ ವರ್ಷವರ್ಷವೂ ದಾಖಲೆ ಪುಸ್ತಕ ತಂದ. 1982ರಲ್ಲಿ ಸಂಶೋಧಕರದೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1911ರ ಕಾನೂನಿನ ಕೆಳಗೆ ನ್ಯೂಯಾರ್ಕಿನಲ್ಲಿ ಕೆಲವು ವರ್ಷ, ಯಾರೂ ನೆಲಕ್ಕುರುಳದೆ ಆಟ ಮುಗಿದರೆ ತೀರ್ಪು ಕೊಡುವಂತಿರಲಿಲ್ಲ. ರಿಂಗಿನ ಪಕ್ಕ ಕೂತ ವರದಿಗಾರರು ಮರುದಿನ ಇಂಥವನು ಮೇಲಾದ ಎಂದು ಬರೆಯುತ್ತಿದ್ದರು. ದಶಕಗಳಾದ ಮೇಲೆ ಸಂಶೋಧಕರು ಆ ಪತ್ರಿಕೆಗಳನ್ನು ಹುಡುಕಿ, ಎದುರುಬದುರಿಟ್ಟು ಓದಿ, ‘ಪತ್ರಿಕಾ ತೀರ್ಪು’ ಎಂಬ ಬೇರೆಯದೇ ಕಲಮಿನಲ್ಲಿ ನಮೂದಿಸಿದರು. ಅಧಿಕೃತ ಗೆಲುವಿನ ಜೊತೆ ಬೆರೆಸಲಿಲ್ಲ, ಬಿಟ್ಟೂ ಬಿಡಲಿಲ್ಲ. ಬರಾಬರಿಯಲ್ಲಿ ಬಿಟ್ಟ ನಮ್ಮ ಜಾತ್ರೆ ಕುಸ್ತಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಆ ಕ್ರಮದ ಜೀವಾಳವೆಂದರೆ ಸೋತವನಿಗೂ ಅಲ್ಲಿ ಪುಟವಿದೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ, ಒಬ್ಬನ ಹೆಸರಿನಲ್ಲಿ ಜಮಾ ಆದದ್ದು ಇನ್ನೊಬ್ಬನ ಹೆಸರಿನಲ್ಲಿ ಖರ್ಚಾಗಿ ಕಾಣಲೇಬೇಕು. ಕಾಣದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಗೆದ್ದವನ ಕಡೆಯವರ ಮಾತೊಂದೇ ಇರುವುದರಿಂದ ತಾಳೆ ನೋಡಲು ಏನೂ ಇಲ್ಲ. ಜಗತ್ತೇ ಬಲ್ಲ ಗಾಮಾನ ವಿಷಯದಲ್ಲೂ ಇದೇ ಕಥೆ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಜ್ಬಿಸ್ಕೋ ಜೊತೆ ಅವನು ಎರಡೂವರೆ ತಾಸಿಗೂ ಮೇಲೆ ಹಿಡಿದ ಕುಸ್ತಿಯ ವಿವರ ನಿಚ್ಚಳವಾಗಿದೆ. ನಮ್ಮದೇ ನೆಲದಲ್ಲಿ ರಹೀಮ್ ಸುಲ್ತಾನಿವಾಲಾ ಜೊತೆ ಆಡಿದ ಕುಸ್ತಿಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ.

ಬೆಳಗಾವಿಯ ಫಡೆಪ್ಪ ಚೌಗುಲೆಯ ಉದಾಹರಣೆ ಇನ್ನೂ ಹತ್ತಿರದ್ದು. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಆತ 19ನೆಯವನಾಗಿ ಗುರಿ ಮುಟ್ಟಿದ. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಪದಕವಿಲ್ಲದ ಓಟದ ಸೆಕೆಂಡು ಕೂಡ ನೂರು ವರ್ಷ ಉಳಿಯಿತು, ಯಾಕೆಂದರೆ ಅಲ್ಲಿ ಬಂದವರೆಲ್ಲರ ಲೆಕ್ಕ ಬರೆದಿಟ್ಟರು.

ಹಾಗಾದರೆ ಇಲ್ಲಿ ಏನು ಸಿಗುತ್ತದೆ? ಮೊದಲು ಸಿಗುವುದು ಜಾತ್ರೆಯ ಹಸ್ತಪತ್ರಿಕೆ. ತೆಳು ಗುಲಾಬಿ ಅಥವಾ ಹಳದಿ ಕಾಗದ, ನೆತ್ತಿಯಲ್ಲಿ ಊರದೇವರು ‘ಪ್ರಸನ್ನ’, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಭವ್ಯ ಜಂಗೀ ನಿಕಾಲಿ ಕುಸ್ತಿಗಳು’. ಒಂದನೆಯ ಜೋಡಿ, ಎರಡನೆಯ ಜೋಡಿ, ಇನಾಮಿನ ಮೊತ್ತ, ಬೆಳ್ಳಿ ಕಡಗ ಕೊಡುವವರ ಹೆಸರು. ತಿಥಿ ಇರುತ್ತದೆ, ವಾರ ಇರುತ್ತದೆ, ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಇದಕ್ಕೆ ಕೈಚೆಲ್ಲಬೇಕಿಲ್ಲ. ತಿಥಿ, ವಾರ ಹಿಡಿದು ಪಂಚಾಂಗದಿಂದ ಕಾಲ ನಿರ್ಣಯಿಸುವುದು ಧಾರವಾಡದ ವಿದ್ವಾಂಸರಿಗೆ ನೀರು ಕುಡಿದಷ್ಟು ಸಲೀಸು. 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನಾ ಸಂಸ್ಥೆ ಶಾಸನಗಳಿಗೆ ಮಾಡುತ್ತ ಬಂದದ್ದು ಇದನ್ನೇ. ಕಲ್ಲಿಗೆ ಸಂದ ಶ್ರದ್ಧೆ ಈ ಕಾಗದಕ್ಕೂ ಸಲ್ಲಬೇಕು.

ಆದರೆ ಹಸ್ತಪತ್ರಿಕೆಯನ್ನು ಪೂರ್ತಿ ನಂಬುವುದೂ ತಪ್ಪು. ಅದು ಹಚ್ಚಿದ ಜೋಡಿಯನ್ನು ಹೇಳುತ್ತದೆ, ಆಡಿದ ಕುಸ್ತಿಯನ್ನಲ್ಲ. ಪೈಲ್ವಾನ ಬಾರದೆ ಇರಬಹುದು, ಜೋಡಿ ಕಣದಲ್ಲೇ ಬದಲಾಗಿರಬಹುದು. ಅದರ ಜೊತೆ ಪತ್ರಿಕೆಯ ವರದಿಯೋ ಜಾತ್ರೆ ಕಮಿಟಿಯ ಇನಾಮಿನ ಲೆಕ್ಕವೋ ಕೂಡಿದಾಗಲೇ ಅದು ದಾಖಲೆ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ದ ಹಳೆಯ ಸಂಪುಟಗಳನ್ನು ಈ ಕಣ್ಣಿನಿಂದ ಪುಟಪುಟ ತಿರುವಬೇಕು. ಹೆಸರಿನ ಗೊಂದಲವನ್ನೂ ಬಿಡಿಸಬೇಕು. ‘ಗಾಮಾ’ ಎಂಬುದು ಎಷ್ಟೋ ಊರುಗಳಲ್ಲಿ ಬಿರುದಾಗಿಬಿಟ್ಟಿದೆ. ಬಾಕ್ಸಿಂಗಿನಲ್ಲೂ ಜೋ ವಾಲ್ಕಾಟ್ ಎಂಬ ಹಿರಿಯನ ಹೆಸರನ್ನು ಇನ್ನೊಬ್ಬ ಇಟ್ಟುಕೊಂಡು ತಾನೂ ಚಾಂಪಿಯನ್ ಆದ, ಸಂಶೋಧಕರು ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿದರು.

ಮ್ಯಾಟ್ ಮೇಲಿನ ಕುಸ್ತಿಗೆ ಅಂಕಪಟ್ಟಿ ಇದೆ, ತೂಕದ ವಿಭಾಗ ಇದೆ, ಅದರ ಚಿಂತೆ ಕಡಿಮೆ. ಮಣ್ಣಿನ ಕುಸ್ತಿಯದೇ ಅವಸರ. ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನ ಇದೆ, ಅರ್ಜಿಯ ಜೊತೆ ಪುರಾವೆ ಬೇಕು. ಹಲಗಿಯ ಸದ್ದಿನಲ್ಲಿ ಗೆದ್ದು, ಜನ ಕೊಟ್ಟ ನೋಟಿನ ಹಾರ ಹಾಕಿಕೊಂಡು ಮನೆಗೆ ಬಂದವನ ಬಳಿ ಯಾವ ಪ್ರಮಾಣಪತ್ರ ಇದ್ದೀತು? ದಾಖಲೆ ಎಂಬುದು ಈ ಮುದುಕರ ಪಾಲಿಗೆ ಔಷಧದ ಖರ್ಚಿನ ಪ್ರಶ್ನೆ.

ಅರವತ್ತು, ಎಪ್ಪತ್ತರ ದಶಕದಲ್ಲಿ ಕಣಕ್ಕಿಳಿದವರು ಈಗ ಎಪ್ಪತ್ತು ಎಂಬತ್ತು ದಾಟಿದ್ದಾರೆ. ಅವರನ್ನು ಮಾತಾಡಿಸುವವರು ಗೆದ್ದ ಕುಸ್ತಿಗಳನ್ನು ಕೇಳಿ, ಶಾಲು ಹೊದಿಸಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಗೆದ್ದ ಕುಸ್ತಿಗೆ ಹೇಳುತ್ತ ಹೇಳುತ್ತ ಬಣ್ಣ ಏರಿರುತ್ತದೆ. ಸೋತದ್ದನ್ನು ಕೇಳಬೇಕು: ಯಾರ ಎದುರು, ಯಾವ ಜಾತ್ರೆಯಲ್ಲಿ, ಢಾಕ ಬಿತ್ತೋ ಘಿಸ್ಸಾ ಬಿತ್ತೋ, ಆ ದಿನ ವಸ್ತಾದರು ಏನಂದರು. ಉತ್ತರದಲ್ಲಿ ಬರುವ ಎದುರಾಳಿಯ ಊರು ಯಾವುದೇ ಇರಲಿ, ಮುಂದಿನ ವಾರ ಆ ಊರಿಗೆ ಹೋಗಿ ಅದೇ ಕುಸ್ತಿಯನ್ನು ಅವನ ಬಾಯಿಂದಲೂ ಬರೆದುಕೊಳ್ಳಬೇಕು.